ಸೋತವನ ಸಾಲ, ಗೆದ್ದವನ ಹೊರೆ

ರಾಜ್ಯಗಳ ಸೋಲುಗೆಲವುಗಳನ್ನು ಬರೆಯುವ ಬಖರಕಾರರು ಬಹುಶಃ ರಣಭೂಮಿಯಲ್ಲಿಯೇ ಲೇಖನಿಯನ್ನು ಕೆಳಗಿಡುವರು. ಕೋಟೆಯ ಮೇಲೆ ಹೊಸ ನಿಶಾನೆ ಏರಿತೆಂದರೆ ಅವರ ಕಥೆ ಮುಗಿಯಿತು; ಒಕ್ಕಲಿಗನ ಕಥೆಯಾದರೋ ಆ ಮರುದಿವಸ ಆರಂಭವಾಗುವುದು. ಕೃಷ್ಣೆಯ ದಂಡೆಯ ದಿಗ್ಗೇವಾಡಿಯ ಸುತ್ತಣ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯು 1818ರ ತರುವಾಯ ಕಂಡ ಅನುಭವವು ಈ ಮಾತಿಗೆ ತಕ್ಕ ನಿದರ್ಶನವಾಗಿದೆ.

1817ರ ಕೊನೆಯಲ್ಲಿ ಎರಡನೆಯ ಬಾಜೀರಾಯ ಪೇಶವೆಗೂ ಕಂಪನಿ ಸರಕಾರಕ್ಕೂ ಯುದ್ಧ ಹತ್ತಿತು. ಥಾಮಸ ಮನ್ರೋನು ಅಲ್ಪ ಸೈನ್ಯದೊಡನೆ ಬಾದಾಮಿಯನ್ನು ಗೆದ್ದು, 1818ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಕೋಟೆಯನ್ನೂ ಕೈವಶ ಮಾಡಿಕೊಂಡನು. ಜೂನ್ ತಿಂಗಳಲ್ಲಿ ಬಾಜೀರಾಯನು ಮಾಲ್ಕಮನಿಗೆ ಶರಣುಬಂದು, ವರ್ಷಕ್ಕೆ ಎಂಟು ಲಕ್ಷ ರೂಪಾಯಿಗಳ ನೇಮಣೂಕನ್ನು ಒಪ್ಪಿಕೊಂಡು ಗಂಗಾತೀರದ ಬಿಠೂರಿಗೆ ತೆರಳಿದನು. ದೊರೆಯು ಹೋದನು, ದೊರೆತನದ ತೊಡಕುಗಳು ಇಲ್ಲಿಯೇ ಉಳಿದವು.

ಅವುಗಳಲ್ಲಿ ಮೊದಲನೆಯದು ಇಜಾರೆಯ ಪದ್ಧತಿ. ಬಾಜೀರಾಯನು ಮಹಾಲುಗಳ ಕಂದಾಯವನ್ನು ಹೆಚ್ಚು ಬೇಡಿದವರಿಗೆ ಗುತ್ತಿಗೆ ಕೊಡುತ್ತಿದ್ದನು. ಇಜಾರದಾರನು ಕೊಟ್ಟ ಹಣವನ್ನು ಪಾಟೀಲನಿಂದ ಹಿಂಡುವನು. ಪಾಟೀಲನು ಊರಿನ ಹೆಸರಿನಿಂದ ಸಾಹುಕಾರನಲ್ಲಿ ಸಾಲ ಎತ್ತುವನು. ಕಡೆಗೆ ಆ ಭಾರವೆಲ್ಲ ಕುಂಟೆ ಹಿಡಿದವನ ಹೆಗಲಿಗೆ ಬರುವದು. ಹೊಸ ಪ್ರಾಂತದ ಕಮಿಶನರನಾದ ಎಲ್ಫಿನ್‌ಸ್ಟನನು ಹಳೆಯ ಕಟ್ಟಳೆಗಳನ್ನು ಕೆಡಿಸದೆ ಅವುಗಳೊಳಗಿನ ಅನ್ಯಾಯವನ್ನಷ್ಟೇ ತೆಗೆಯಬೇಕೆಂಬ ನೀತಿಯನ್ನು ಹಿಡಿದನು. ಇಜಾರೆ ನಿಂತಿತು. ಇದು ಉಪಕಾರವೇ ಸರಿ.

ಆದರೆ ಕಂದಾಯದ ದರವು ಹಳೆಯದಾಗಿಯೇ ಉಳಿಯಿತು. ಮರಾಠರ ಕಾಲದಲ್ಲಿ ದಂಡುಗಳು ಕಾಳುಕಡಿಯನ್ನೂ ಮೇವನ್ನೂ ಕೊಳ್ಳುತ್ತಿದ್ದವು. ಶಾಂತಿಯಾದೊಡನೆ ದಂಡುಗಳು ಚದರಿದವು, ಶಿಲೇದಾರರು ಉದ್ಯೋಗಹೀನರಾದರು, ಧಾನ್ಯದ ಧಾರಣೆಯು ಇಳಿಯಿತು. ಕಂದಾಯವನ್ನು ಮಾತ್ರ ರೊಕ್ಕದಲ್ಲಿ, ಹಳೆಯ ಲೆಕ್ಕದಲ್ಲಿಯೇ ಸಲ್ಲಿಸಬೇಕಾಗಿತ್ತು. ಒಂದು ಚೀಲ ಜೋಳ ಮಾರಿ ತೀರಿಸುತ್ತಿದ್ದ ತೆರಿಗೆಗೆ ಈಗ ಒಂದು ಚೀಲ ಸಾಲದೆ ಹೋಯಿತು. ಇದಕ್ಕೆ ಸರಿಯಾದ ಪರಿಹಾರ ಹುಡುಕುವ ಯತ್ನವು 1835ರಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ನಡೆಸಿದ ಭೂಮಾಪನದಿಂದ ಮೊದಲಾಯಿತು. ಆ ಪದ್ಧತಿಯು ಕನ್ನಡನಾಡಿಗೆ ಕಾಲಿಟ್ಟುದು 1840ರ ದಶಕದಲ್ಲಿ. ಕಾಲು ಶತಮಾನದವರೆಗೆ ಉಳಿಸಿಕೊಂಡ ದೋಷವನ್ನು ಹಿಂದಿನವನ ದೋಷವೆಂದು ಕರೆಯಬಹುದೇ? ವಾಚಕರೇ ಯೋಚಿಸಬೇಕು.

ಎರಡನೆಯದು ಸೀಮೆಯ ವ್ಯಾಜ್ಯ. ಚಿಕ್ಕೋಡಿ ಹಾಗೂ ಮುನವಳ್ಳಿ ತಾಲೂಕುಗಳಿಗಾಗಿ ಕೊಲ್ಹಾಪುರದವರಿಗೂ ಪೇಶವೆಯವರಿಗೂ ಬಹುಕಾಲದ ಕಲಹವಿದ್ದಿತು. ಪೇಶವೆಯ ಪಕ್ಷದಿಂದ ನಿಪ್ಪಾಣಿಯ ಸಿದ್ದೋಜೀರಾವ ದೇಸಾಯಿಯು ಅವುಗಳನ್ನು ಕಸಿದುಕೊಂಡಿದ್ದನು. 1812ರ ಕರಾರಿನಲ್ಲಿ ಕೊಲ್ಹಾಪುರವು ಅವುಗಳ ಮೇಲಣ ಹಕ್ಕನ್ನು ಬಿಟ್ಟುಕೊಟ್ಟಿತ್ತು. ಯುದ್ಧದಲ್ಲಿ ನೆರವಾದುದಕ್ಕೆಂದು ಇಂಗ್ರಜರು ಅವನ್ನು ನಿಪ್ಪಾಣಿಯಿಂದ ತೆಗೆದು ಕೊಲ್ಹಾಪುರಕ್ಕೆ ಕೊಟ್ಟರು. ಮುಂದೆ ಕೊಲ್ಹಾಪುರದ ಬುವಾಸಾಹೇಬನ ಉಪದ್ರವ ಹೆಚ್ಚಾಗಲು, 1827ರ ಕರಾರಿನಿಂದ ತಾವೇ ತೆಗೆದುಕೊಂಡರು. ಇಪ್ಪತ್ತೇ ವರುಷಗಳಲ್ಲಿ ಚಿಕ್ಕೋಡಿಯ ಒಕ್ಕಲಿಗನು ಎಷ್ಟು ಒಡೆಯರಿಗೆ ಕೈಮುಗಿಯಬೇಕಾಯಿತು! ಹೊಸ ಸರಕಾರವು ಹಳೆಯ ವ್ಯಾಜ್ಯವನ್ನು ಬಗೆಹರಿಸಲಿಲ್ಲ. ಬಹುಮಾನದ ವಸ್ತುವನ್ನಾಗಿ ಬಳಸಿತು, ಕೊನೆಗೆ ಶಿಕ್ಷೆಯ ವಸ್ತುವನ್ನಾಗಿಯೂ ಬಳಸಿತು.

ಮೂರನೆಯದು ಜಹಗೀರು ಇನಾಮುಗಳ ತೊಡಕು. ಹಿಂದಿನ ದೊರೆಗಳು ಕೊಟ್ಟ ಸನದುಗಳನ್ನು ಮೊದಲು ಗೌರವಿಸಿದ ಸರಕಾರವು, ನೆಲೆ ಭದ್ರವಾದಂತೆ ಅವುಗಳನ್ನು ಕೆದಕತೊಡಗಿತು. ಕಿತ್ತೂರಿನಲ್ಲಿ ದತ್ತಕವನ್ನು ಮನ್ನಿಸದೆ ಹೋದುದರ ಫಲವನ್ನು 1824ರಲ್ಲಿ ಥ್ಯಾಕರೆಯು ಪ್ರಾಣದಿಂದ ತೆತ್ತನು. ನಿಪ್ಪಾಣಿಯ ಸಿದ್ದೋಜೀರಾವನು 1839ರಲ್ಲಿ ತೀರಿಕೊಳ್ಳಲು ಆ ಸಂಸ್ಥಾನವೂ ಸರಕಾರದ ಪಾಲಾಯಿತು. 1841ರಲ್ಲಿ ಅಲ್ಲಿಯ ಕೋಟೆಯಲ್ಲಿ ಬಂಡಾಯವೆದ್ದಿತು. ಆ ಬಳಿಕ ಇನಾಮು ಕಮಿಶನ್ನು ಬಂದಿತು. 1852ರಲ್ಲಿ ಅದಕ್ಕೆ ಕಾಯಿದೆಯ ಬಲವೂ ದೊರೆಯಿತು. ದಂಗೆಗಳಲ್ಲಿ ಸುಟ್ಟ, ಗೆದ್ದಲು ತಿಂದ ಕಾಗದಗಳನ್ನು ತೋರಿಸಿರೆಂದು ಕೇಳಿದರೆ ಬಡ ಇನಾಮದಾರನು ಎಲ್ಲಿಂದ ತಂದಾನು? 1858ರಲ್ಲಿ ನರಗುಂದದ ಬಾಬಾಸಾಹೇಬನು ಕತ್ತಿ ಹಿಡಿದುದರ ಹಿಂದೆ, ದತ್ತಕಕ್ಕೆ ಅಪ್ಪಣೆ ದೊರೆಯದ ಕೊರಗಿನ ಜೊತೆಗೆ ಈ ಅಸಮಾಧಾನವೂ ಇದ್ದಿತು.

ಇಂಗ್ರಜರು ಬಗೆಹರಿಸದೆ ಬಿಟ್ಟುಹೋದುದು ಅವರ ಉತ್ತರಾಧಿಕಾರಿಗೆ ಬಂದಿತು. ಕೊಲ್ಹಾಪುರ, ಸಾಂಗಲಿ, ಜಮಖಂಡಿಗಳ ಊರುಗಳು ಖಾಲಸಾ ಊರುಗಳೊಡನೆ ಹೆಣೆದುಕೊಂಡೇ ಇದ್ದವು. ರಾಯಬಾಗವು 1949ರವರೆಗೆ ಕೊಲ್ಹಾಪುರದ್ದಾಗಿಯೇ ಇದ್ದಿತು. ಆ ವರುಷ ಮಾರ್ಚ ಒಂದರಂದು ಕೊಲ್ಹಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ರಾಯಬಾಗವು ಬೆಳಗಾವಿ ಜಿಲ್ಲೆಗೆ ಸೇರಿತು. ವೈಯಕ್ತಿಕ ಇನಾಮುಗಳನ್ನು ರದ್ದುಪಡಿಸುವ ಮುಂಬಯಿ ಕಾಯಿದೆಯು 1952ನೆಯ ಇಸವಿಯದು. ಇನಾಮು ಕಮಿಶನ್ನಿನ ಕಾಯಿದೆಗೆ ಸರಿಯಾಗಿ ನೂರು ವರುಷ. ಪೇಶವೆಯು ಬಿಟ್ಟುಹೋದ ಗಂಟನ್ನು ಕಂಪನಿಯು ಬಿಗಿಯಿತು, ಪ್ರಜಾಸರಕಾರವು ಬಿಚ್ಚಬೇಕಾಯಿತು.

ಮನೆಯನ್ನು ಕೊಂಡವನು ಅದರ ಸೋರುವ ಮಾಳಿಗೆಯನ್ನೂ ಕೊಂಡಂತೆಯೇ. ಮೊದಲನೆಯ ಮಳೆಗಾಲದಲ್ಲಿ ಹಿಂದಿನ ಯಜಮಾನನನ್ನು ದೂರಿದರೆ ನೆರೆಹೊರೆಯವರು ಒಪ್ಪುವರು. ಹತ್ತನೆಯ ಮಳೆಗಾಲದಲ್ಲಿ ಅದೇ ದೂರನ್ನು ಹೇಳಿದರೆ, ಒಳಗೆ ನೆನೆಯುತ್ತ ಕುಳಿತ ಮಕ್ಕಳೂ ಒಪ್ಪಲಾರರು.