ಎಂಬತ್ತೇಳರಲ್ಲಿ ಒಂದು ಪಾಲು

1864ರ ಆಗಸ್ಟ್ 1ರಂದು ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಮದ್ರಾಸ್ ರೈಲ್ವೆ ಕಂಪನಿಯವರು ಹಾಕಿದ ಆ ಲೈನು ಮೊದಲು ಮುಟ್ಟಿದ್ದು ದಂಡನ್ನು. ಅಲ್ಲಿಂದ ಪೇಟೆಯ ಕಡೆಗೆ ಅದು ಮುಂದುವರಿದದ್ದು 1882ರಲ್ಲಿ. ಹಳಿಗಳ ನಡುವಿನ ಅಂತರ ಐದು ಅಡಿ ಆರು ಅಂಗುಲ, ಈಗಿನ ಲೆಕ್ಕದಲ್ಲಿ 1676 ಮಿಲಿಮೀಟರ್. ನೂರ ಅರವತ್ತು ವರ್ಷ ಕಳೆದರೂ ಪ್ರಪಂಚದ ಮಾದರಿ ರೈಲಿನ ಅಂಗಡಿಗಳಲ್ಲಿ ನಮ್ಮ ರೈಲು ಸುಲಭವಾಗಿ ಸಿಗದಿರುವುದಕ್ಕೆ ಈ ಅಳತೆಯೂ ಒಂದು ಕಾರಣ. ಅದು ಹೇಗೆಂದು ಹೇಳುವುದಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ.

ನಾನು ಹಲಸೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಭೂಪಟದ ಪಾಠದಲ್ಲಿ ಪ್ರಮಾಣದ ಲೆಕ್ಕ ಬರುತ್ತದೆ. ಮಕ್ಕಳಿಗೆ ಅದು ತಲೆಗೆ ಹೋಗುವುದು ಕಷ್ಟ. ಒಮ್ಮೆ ಎಂಟನೇ ತರಗತಿಯ ಹುಡುಗನೊಬ್ಬ, ಜರ್ಮನಿಯಲ್ಲಿರುವ ಚಿಕ್ಕಪ್ಪ ಕಳಿಸಿದ್ದೆಂದು ಒಂದು ಎಂಜಿನನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ. ಒಂದು ಗೇಣಿಗಿಂತ ಚಿಕ್ಕದು. ಡಬ್ಬಿಯ ಮೇಲೆ 1:87 ಎಂದಿತ್ತು. ನಿಜವಾದ ಎಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು. ಭೂತಗನ್ನಡಿ ಹಿಡಿದು ನೋಡಿದೆವು. ಪಕ್ಕದಲ್ಲಿ ಬರೆದ ಅಕ್ಕಿಯ ನುಚ್ಚಿನಷ್ಟು ಸಣ್ಣ ಅಕ್ಷರಗಳನ್ನು ಓದಬಹುದಾಗಿತ್ತು. ಹತ್ತುವ ಮೆಟ್ಟಿಲು, ಹಿಡಿಕಂಬಿ, ಗಾಳಿಯ ಕೊಳವೆ ಎಲ್ಲವೂ ಬೇರೆಬೇರೆಯಾಗಿ ಜೋಡಿಸಿದವು. ನಕ್ಷೆಯೆಂದರೆ ಇದೇ, ಕಾಗದದ ಮೇಲೆ ಮಲಗುವ ಬದಲು ಎದ್ದು ನಿಂತಿದೆ ಎಂದೆ. ಆ ದಿನ ಪ್ರಮಾಣದ ಪಾಠ ಬೇಗ ಮುಗಿಯಿತು.

ನಮ್ಮ ಮನೆಗಳಲ್ಲಿ ಇರುತ್ತಿದ್ದ ರೈಲೆಂದರೆ ಚನ್ನಪಟ್ಟಣದ ಮರದ ರೈಲು. ಅರಗಿನ ಕೆಂಪು, ಹಳದಿ ಬಣ್ಣ, ದುಂಡು ಚಕ್ರ, ದಾರ ಕಟ್ಟಿ ಎಳೆದರಾಯಿತು. ಅದು ರೈಲಿನ ಅಳತೆಯನ್ನು ಹೇಳಲು ಹೊರಟದ್ದಲ್ಲ. ಯುರೋಪಿನಲ್ಲೂ ಮೊದಲು ಹೀಗೆಯೇ ಇತ್ತು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನೂ ಜೋಡಿಸಬಹುದಾದ ಹಳಿಗಳನ್ನೂ ತೋರಿಸಿತು. ಇಂಗ್ಲೆಂಡಿನಲ್ಲಿ ಮೆಕ್ಯಾನೊ ಕಟ್ಟಿದ ಫ್ರ್ಯಾಂಕ್ ಹಾರ್ನ್‌ಬಿಯ ರೈಲುಗಳು 1920ರಲ್ಲಿ ಬಂದವು. ಅವೆಲ್ಲ ತಗಡಿನವು. ಕಿಟಕಿ, ಬಾಗಿಲು, ಒಳಗೆ ಕೂತ ಪ್ರಯಾಣಿಕರು ಕೂಡ ತಗಡಿನ ಮೇಲೆ ಅಚ್ಚು ಹಾಕಿದ ಚಿತ್ರಗಳೇ.

1930ರ ದಶಕದಲ್ಲಿ ಗಾತ್ರ ಅರ್ಧಕ್ಕಿಳಿಯಿತು. ಅಲ್ಲಿಯವರೆಗೆ ಮನೆಗಳಲ್ಲಿ ಓಡುತ್ತಿದ್ದ 'ಓ' ಎಂಬ ಅಳತೆಯ ಅರ್ಧವೆಂಬ ಅರ್ಥದಲ್ಲಿ ಇದಕ್ಕೆ 'ಎಚ್‌ಓ' ಎಂಬ ಹೆಸರು ಬಂತು. ಮೇಜಿನ ಮೇಲೆ ಓಡುವ ಪುಟ್ಟ ರೈಲನ್ನು ಮಾರ್ಕ್ಲಿನ್ 1935ರಲ್ಲಿ, ಹಾರ್ನ್‌ಬಿ 1938ರಲ್ಲಿ ಮಾರಾಟಕ್ಕೆ ತಂದವು. ತಗಡಿನ ಜಾಗಕ್ಕೆ ಎರಕದ ಸತು ಬಂತು. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ ಅಗ್ಗದ್ದೆಂದು ಮೂಗು ಮುರಿದವರಿದ್ದರು. ಆದರೆ ಸಣ್ಣ ರಿವೆಟ್ಟನ್ನೂ ಸ್ಪಷ್ಟವಾಗಿ ಮೂಡಿಸುವ ಗುಣ ಅದರಲ್ಲಿತ್ತು. 1990ರ ದಶಕದಲ್ಲಿ ಹಾರ್ನ್‌ಬಿಯ ತಯಾರಿಕೆ ಚೀನಾಕ್ಕೆ ಹೋಯಿತು, ಕೈಕೆಲಸ ಹೆಚ್ಚು ಸೇರಿತು, ಗುಣಮಟ್ಟ ಏರಿತು. ಈಗ ವಸ್ತುಸಂಗ್ರಹಾಲಯದಲ್ಲಿರುವ ಎಂಜಿನನ್ನು ಲೇಸರ್ ಕಿರಣದಿಂದ ಅಳೆದು ಕಂಪ್ಯೂಟರಿನಲ್ಲಿ ಅಚ್ಚು ರೂಪಿಸುವುದುಂಟು. ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಚಿಪ್ಪು ಇಟ್ಟು, ಒಂದೇ ಹಳಿಯ ಮೇಲೆ ನಾಲ್ಕು ಎಂಜಿನ್ನುಗಳನ್ನು ಬೇರೆಬೇರೆಯಾಗಿ ಓಡಿಸುತ್ತಾರೆ. ನಿಜವಾದ ಎಂಜಿನ್ನಿನ ಸದ್ದನ್ನೇ ಧ್ವನಿಮುದ್ರಿಸಿ ತುಂಬಿರುತ್ತಾರೆ.

ಇಷ್ಟೆಲ್ಲ ಆದ ಮೇಲೂ ಎಂಜಿನ್ ತಂದ ಹುಡುಗ ಕೇಳಿದ: "ಮಿಸ್, ಎಲ್ಲವೂ ಎಂಬತ್ತೇಳರಲ್ಲಿ ಒಂದಾದರೆ ತೂಕವೂ ಅಷ್ಟೇನಾ?" ಉದ್ದ ಮಾತ್ರವಲ್ಲ, ಅಗಲವೂ ಎತ್ತರವೂ ಎಂಬತ್ತೇಳರಲ್ಲಿ ಒಂದಾಗುವುದರಿಂದ ಮೂರು ಸಲ ಭಾಗಿಸಬೇಕು ಎಂದು ಹಲಗೆಯ ಮೇಲೆ ಬರೆದು ತೋರಿಸಿದೆ. ಬಹುಕಾಲ ನಮ್ಮ ಲೈನಿನಲ್ಲಿ ಓಡಿದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ತೂಕ ಸುಮಾರು 113 ಟನ್. ಹೀಗೆ ಭಾಗಿಸಿದರೆ ಉಳಿಯುವುದು 170 ಗ್ರಾಂ ಚಿಲ್ಲರೆ. ಅಷ್ಟು ಹಗುರವಾದರೆ ಅದು ಹಳಿಯನ್ನು ಕಚ್ಚಿಕೊಂಡು ಬೋಗಿಗಳನ್ನು ಎಳೆಯುವುದು ಕಷ್ಟ. ಆದ್ದರಿಂದ ತಯಾರಕರು ಒಳಗೆ ಲೋಹದ ಗಟ್ಟಿಯಿಟ್ಟು ತೂಕ ಹೆಚ್ಚಿಸುತ್ತಾರೆ. ತೂಕದಲ್ಲಿ ಸುಳ್ಳು ಹೇಳಿದರೆ ಮಾತ್ರ ಓಟದಲ್ಲಿ ನಿಜ ಬರುತ್ತದೆ.

ತಿರುವಿನದೂ ಹೀಗೆಯೇ. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು ಎಂಬತ್ತೇಳರಿಂದ ಭಾಗಿಸಿದರೆ ಎರಡು ಮೀಟರ್. ಅಂದರೆ ಒಂದು ಸುತ್ತು ಬರಲು ನಾಲ್ಕು ಮೀಟರ್ ಅಗಲದ ಕೋಣೆ ಬೇಕು. ಪೆಟ್ಟಿಗೆಯಲ್ಲಿ ಕೊಡುವ ಹಳಿಯ ತ್ರಿಜ್ಯ ಸಾಮಾನ್ಯವಾಗಿ 36 ಸೆಂಟಿಮೀಟರ್. ನಿಜದಲ್ಲಿ ಅದು 31 ಮೀಟರಿನ ತಿರುವು. ಪೆರಂಬೂರಿನ ಕಾರ್ಖಾನೆಯಲ್ಲಿ 1955ರಿಂದ ತಯಾರಾದ ನಮ್ಮ ನೀಲಿ, ಕೆಂಪು ಬೋಗಿಗಳ ಉದ್ದ 21 ಮೀಟರಿಗೂ ಹೆಚ್ಚು. ಅಂಥ ತಿರುವಿನಲ್ಲಿ ಅವು ತಿರುಗುವ ಮಾತೇ ಇಲ್ಲ. ಪ್ರಮಾಣದಂತೆ ಮಾಡಿದರೆ ಒಂದು ಬೋಗಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ; ಇಪ್ಪತ್ತನಾಲ್ಕು ಬೋಗಿಯ ಗಾಡಿ ಆರು ಮೀಟರ್ ದಾಟುತ್ತದೆ. ದಂಡಿನಿಂದ ಕೃಷ್ಣರಾಜಪುರದವರೆಗಿನ ಒಂಬತ್ತು–ಹತ್ತು ಕಿಲೋಮೀಟರ್ ದಾರಿಯನ್ನು ಮಾಡುವುದಾದರೆ ನೂರು ಮೀಟರಿಗೂ ಮೀರಿದ ಜಾಗ ಬೇಕು. ಆಟದ ಮೈದಾನವೇ ಬೇಕಾದೀತು.

ಈಗ ಹಳಿಯ ಅಂತರಕ್ಕೆ ಬರುತ್ತೇನೆ. ಎಚ್‌ಓ ಹಳಿಯ ಅಂತರ 16.5 ಮಿಲಿಮೀಟರ್. ಯುರೋಪ್, ಅಮೆರಿಕಗಳ 1435 ಮಿಲಿಮೀಟರ್ ಹಳಿಗೆ ಅದು ಸರಿಯಾದ ಲೆಕ್ಕ. ಇಂಗ್ಲೆಂಡಿನವರ ರೈಲುಗಳು ಮೈಯಲ್ಲಿ ಸಣ್ಣವು. ಆ ಕಾಲದ ಮೋಟಾರು ಅವುಗಳೊಳಗೆ ಹಿಡಿಯಲಿಲ್ಲ. ಅವರು ಹಳಿಯನ್ನು ಹಾಗೆಯೇ ಬಿಟ್ಟು ರೈಲನ್ನು ಮಾತ್ರ 1:76ಕ್ಕೆ ಹಿಗ್ಗಿಸಿದರು. ಮೋಟಾರು ಈಗ ಚಿಕ್ಕದಾಗಿದೆ, ಆದರೆ ಅಲ್ಲಿ ಹೆಚ್ಚಾಗಿ ಮಾರಾಟವಾಗುವ ರೈಲುಗಳು ಇಂದಿಗೂ ಆ ಇಕ್ಕಟ್ಟಿನ ಹಳಿಯ ಮೇಲೆಯೇ ಓಡುತ್ತಿವೆ. ನಮ್ಮದು ಇನ್ನೂ ತೊಡಕಿನದು. 1676ನ್ನು ಎಂಬತ್ತೇಳರಿಂದ ಭಾಗಿಸಿದರೆ 19.3 ಮಿಲಿಮೀಟರ್ ಆಗುತ್ತದೆ. ಆ ಅಂತರದ ಹಳಿ ಸಾಮಾನ್ಯ ಅಂಗಡಿಯಲ್ಲಿಲ್ಲ. ನಮ್ಮ ಬೋಗಿಯನ್ನು 16.5ರ ಮೇಲೆ ನಿಲ್ಲಿಸಿದರೆ ದಪ್ಪ ಮನುಷ್ಯ ಮಕ್ಕಳ ಚಪ್ಪಲಿ ಮೆಟ್ಟಿ ನಿಂತಂತೆ ಕಾಣುತ್ತದೆ.

ಆದರೆ ಪೂರ್ವ ಬೆಂಗಳೂರಿನ ಎಲ್ಲ ರೈಲಿಗೂ ಈ ತೊಡಕಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೇಲೆ ಎಂ.ಜಿ. ರಸ್ತೆಗೆ ಓಡತೊಡಗಿದ ನಮ್ಮ ಮೆಟ್ರೋದ ಹಳಿ 1435 ಮಿಲಿಮೀಟರಿನದು. ಅಂಗಡಿಯ ಹಳಿ ಅದಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ. ದಂಡಿನ ಲೈನಿನಲ್ಲೇ ಪೂರ್ವಕ್ಕೆ ಹೋದರೆ ಬಂಗಾರಪೇಟೆ, ಹಿಂದಿನ ಬೌರಿಂಗ್‌ಪೇಟೆ. ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಂತರದ ಸಣ್ಣ ರೈಲು ಹೊರಟಿತು. ಬೆಂಗಳೂರಿನ ಕಡೆಯಿಂದ 1915ರಲ್ಲಿ ಚಿಕ್ಕಬಳ್ಳಾಪುರದವರೆಗೆ ಇನ್ನೊಂದು ಸಣ್ಣ ರೈಲು ಬಂತು. ಮುಂದೆ ಎರಡೂ ಕೂಡಿಕೊಂಡವು. ಎರಡೂವರೆ ಅಡಿಯೆಂದರೆ 762 ಮಿಲಿಮೀಟರ್, ಎಂಬತ್ತೇಳರ ಲೆಕ್ಕದಲ್ಲಿ 8.8. ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರಿನ ಹಳಿ ಅದಕ್ಕೆ ಸಾಕು. ನಾವು ದಿನವೂ ಕಾಣುವ ದೊಡ್ಡ ರೈಲಿಗೆ ಹಳಿ ಸಿಗುವುದಿಲ್ಲ, ಇಲ್ಲವಾದ ಸಣ್ಣ ರೈಲಿಗೆ ಸಿಗುತ್ತದೆ!

ಹಳಿ ಸಿಕ್ಕಿತು, ರೈಲು? ಆ ಸಣ್ಣ ಗಾಡಿಯ ಮಾದರಿ ಮಾಡಲು ಎಂಜಿನ್ನಿನ ಚಿಮಣಿ ಎಷ್ಟು ಎತ್ತರ, ಬೋಗಿಯ ಕಿಟಕಿ ಎಷ್ಟು ಅಗಲ ಎಂದು ಗೊತ್ತಿರಬೇಕು. ಫೋಟೋದಲ್ಲಿ ರೈಲಿನ ಮುಖ ಕಾಣುತ್ತದೆ, ಅಳತೆ ಕಾಣುವುದಿಲ್ಲ. ಹೊರದೇಶದ ಕಂಪನಿಗಳ ಅಚ್ಚುಕಟ್ಟಿಗೆ ಚೀನಾದ ಕೈಚಳಕವೊಂದೇ ಕಾರಣವಲ್ಲ. ಅವರ ಹಳೆಯ ಎಂಜಿನ್ನುಗಳು ಎಲ್ಲೋ ನಿಂತಿವೆ, ನಕ್ಷೆಗಳು ಎಲ್ಲೋ ಉಳಿದಿವೆ, ಹೋಗಿ ಅಳೆಯಬಹುದು. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಪುಣೆಯಲ್ಲಿ ಜೋಶಿಯವರು 1998ರಲ್ಲಿ ಪುಟ್ಟ ರೈಲುಗಳದೇ ಮ್ಯೂಸಿಯಂ ತೆರೆದರು. ಈಚೆಗೆ ನಮ್ಮ ದೇಶದ ಹವ್ಯಾಸಿಗಳು ತ್ರೀಡಿ ಮುದ್ರಣದಿಂದ ನಮ್ಮವೇ ಎಂಜಿನ್ನುಗಳ ಮೈ ತಯಾರಿಸಿಕೊಳ್ಳುತ್ತಿದ್ದಾರೆ. ಆ ಯಂತ್ರಕ್ಕೂ ಮೊದಲು ಅಂಕಿಗಳನ್ನು ಕೊಡಲೇಬೇಕು.

ಇಂದಿರಾನಗರದ ಪಕ್ಕದ ತಿಪ್ಪಸಂದ್ರದಲ್ಲಿ 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಾರ್ಖಾನೆಯಿದೆ. ಎಚ್‌ಎಎಲ್‌ನಿಂದ ಬಂದ ಬೋಗಿ ಕಟ್ಟುವ ಕೆಲಸ ಅಲ್ಲಿ ಮುಂದುವರಿಯಿತು. 2024ರ ಸೆಪ್ಟೆಂಬರ್‌ನಲ್ಲಿ ವಂದೇ ಭಾರತ್ ಸ್ಲೀಪರಿನ ಮೊದಲ ಮಾದರಿಯನ್ನು ಬೆಂಗಳೂರಿನಲ್ಲೇ ತೋರಿಸಿದರು. ನಿಜವಾದ ರೈಲು ಕಟ್ಟುವ ಊರಿನ ಮಕ್ಕಳು ಅದರ ಪುಟ್ಟ ರೂಪವನ್ನು ಕೈಯಲ್ಲಿ ಹಿಡಿದು ನೋಡಲು ಆಗುತ್ತಿಲ್ಲವಲ್ಲ ಎಂದು ನನಗೆ ಅನ್ನಿಸುವುದುಂಟು.

ಸಣ್ಣ ರೈಲಿನ ಕಾಲ ಮುಗಿಯಿತು. ಚಿಕ್ಕಬಳ್ಳಾಪುರ–ಕೋಲಾರ ನಡುವೆ 2013ರಲ್ಲಿ ಬ್ರಾಡ್‌ಗೇಜ್ ಬಂತು. ದೇವನಹಳ್ಳಿ, ದೊಡ್ಡಜಾಲ, ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣಗಳನ್ನು ಈಚಿನ ವರ್ಷಗಳಲ್ಲಿ ದುರಸ್ತಿ ಮಾಡಿ ಉಳಿಸಿಕೊಂಡದ್ದು ಸಮಾಧಾನದ ಸಂಗತಿ. ದಂಡಿನ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಹೊಸದು ಬೇಕು, ಜನ ಹೆಚ್ಚಿದ್ದಾರೆ, ಗಾಡಿಗಳು ಹೆಚ್ಚಿವೆ. ಹಳೆಯದು ಹೋಗುವ ಮೊದಲು ಅದರ ಕಂಬ, ಕಮಾನು, ಬೆಂಚುಗಳ ಅಳತೆಯನ್ನು ಅನುಮತಿ ಪಡೆದು ಯಾರಾದರೂ ಬರೆದಿಟ್ಟರೆ ಸಾಕು. ನಮ್ಮ ಮಕ್ಕಳು ಸದ್ಯಕ್ಕೆ ಶಾಲೆಯ ಜಗಲಿಯನ್ನು ಟೇಪು ಹಿಡಿದು ಅಳೆದು, ಎಂಬತ್ತೇಳರಿಂದ ಭಾಗಿಸಿ, ರಟ್ಟಿನಲ್ಲಿ ಮಾಡಿದ್ದಾರೆ. ಕಂಬಗಳು ಸ್ವಲ್ಪ ವಾಲಿವೆ, ಅಳತೆ ಮಾತ್ರ ಸರಿಯಾಗಿದೆ.