ಮೀನಿನ ಕನಿಷ್ಠ ಕಾನೂನುಬದ್ಧ ಗಾತ್ರ

ಕನಿಷ್ಠ ಕಾನೂನುಬದ್ಧ ಗಾತ್ರವೆಂದರೆ ಒಂದು ಜಾತಿಯ ಮೀನನ್ನು ಹಿಡಿಯಲು ಕಾನೂನು ನಿಗದಿಪಡಿಸುವ ಅತಿ ಕಡಿಮೆ ಉದ್ದ. ಮರಿಮೀನುಗಳು ಬೆಳೆದು ಒಮ್ಮೆಯಾದರೂ ಮೊಟ್ಟೆಯಿಡಲು ಅವಕಾಶ ದೊರೆತು, ಕ್ಷೀಣಿಸುತ್ತಿರುವ ಸಂತತಿ ಚೇತರಿಸಿಕೊಳ್ಳಬೇಕೆಂಬುದು ಇದರ ಉದ್ದೇಶ. ಮೀನು ಪ್ರೌಢಾವಸ್ಥೆಗೆ ಬರುವ ಗಾತ್ರವನ್ನು ಆಧರಿಸುವುದರಿಂದ ಈ ಮಿತಿಯು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಉದ್ದವನ್ನು ಅಳೆಯಲಾಗುತ್ತದೆ.

ಕೇರಳದಲ್ಲಿ ಜಾರಿ

ಭಾರತದಲ್ಲಿ ಈ ಕ್ರಮವನ್ನು ಮೊದಲು ಜಾರಿಗೆ ತಂದ ರಾಜ್ಯ ಕೇರಳ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 2015ರಲ್ಲಿ 14 ಜಾತಿಗಳಿಗೆ ಮಿತಿ ವಿಧಿಸಲಾಯಿತು. 2017ರಲ್ಲಿ ಈ ಸಂಖ್ಯೆ 58ಕ್ಕೇರಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮಿತಿಯಿದೆ.

ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಈ ಮೀನಿನ ಏರಿಳಿತಕ್ಕೆ ಮರಿಗಳ ಬೇಟೆಯೊಂದೇ ಕಾರಣವಲ್ಲ. ಸಮುದ್ರದ ಉಷ್ಣತೆ, ಮಳೆ ಹಾಗೂ ಆಹಾರದ ಲಭ್ಯತೆಯೂ ಪ್ರಭಾವ ಬೀರುತ್ತವೆ. ಆದರೆ ಪ್ರತಿಕೂಲ ವರ್ಷಗಳಲ್ಲಿ ಮರಿಗಳನ್ನೂ ಹಿಡಿದರೆ ಚೇತರಿಕೆ ಮತ್ತಷ್ಟು ತಡವಾಗುತ್ತದೆ.

ಇತಿಮಿತಿಗಳು

ಬಲೆಯಲ್ಲಿ ಸಿಲುಕಿದ ಸಣ್ಣ ಮೀನುಗಳನ್ನು ಮರಳಿ ಕಡಲಿಗೆ ಬಿಟ್ಟರೂ ಬಹುಪಾಲು ಬದುಕುವುದಿಲ್ಲ. ಆದ್ದರಿಂದ ದಡದಲ್ಲಿ ಅಳೆದು ದಂಡ ವಿಧಿಸುವುದಷ್ಟೇ ಸಾಲದು. ಮರಿಗಳು ನುಸುಳಿ ಹೋಗುವಷ್ಟು ದೊಡ್ಡ ಕಣ್ಣಿನ ಬಲೆಗಳ ಬಳಕೆಯೂ ಅಗತ್ಯ. ಮೀನುಹಿಟ್ಟಿನ ಕಾರ್ಖಾನೆಗಳಿಂದ ಮರಿಗಳಿಗೆ ಬೇಡಿಕೆಯಿರುವುದು ಇನ್ನೊಂದು ತೊಡಕು. ಮೀನಿನ ಹಿಂಡುಗಳಿಗೆ ರಾಜ್ಯಗಳ ಗಡಿಯಿಲ್ಲವಾದುದರಿಂದ, ಕರ್ನಾಟಕವೂ ಸೇರಿದಂತೆ ನೆರೆಯ ಕರಾವಳಿಗಳಲ್ಲಿ ಏಕರೂಪದ ನಿಯಮ ಪಾಲನೆಯಾದಾಗ ಮಾತ್ರ ಈ ಕ್ರಮ ಪೂರ್ಣ ಫಲ ನೀಡಬಲ್ಲದು.