ಎರೆನಾಡಿನ ತಿಪ್ಪೆ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳ್ಳಿಗಳಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರಿನ ಹಿರಿಯರಿದ್ದಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ಆ ಹೆಸರನ್ನೇ ಇಡುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಯಾರಿಗೂ ಬೇಡವಾದದ್ದೆಂದು ತಿಳಿದು ಮೃತ್ಯು ಬಿಟ್ಟುಹೋಗಲಿ ಎಂಬುದು ಹೆತ್ತವರ ಆಸೆ. ಆದರೆ ರೈತನಿಗೆ ತಿಪ್ಪೆ ಎಂದೂ ಬೇಡವಾದ ವಸ್ತುವಾಗಿರಲಿಲ್ಲ. ದೀಪಾವಳಿಯಲ್ಲಿ ಅದಕ್ಕೂ ಒಂದು ದೀಪ ಸಲ್ಲುತ್ತಿತ್ತು.

ಸಗಣಿ, ದನ ತಿಂದು ಬಿಟ್ಟ ಜೋಳದ ಕಣಿಕೆ, ಒಲೆಯ ಬೂದಿ, ಅಂಗಳದ ಕಸ ಎಲ್ಲವೂ ತಿಪ್ಪೆಗೆ ಸೇರುತ್ತಿದ್ದವು. ವರ್ಷವಿಡೀ ಕೊಳೆತದ್ದನ್ನು ಬೇಸಿಗೆಯಲ್ಲಿ ಚಕ್ಕಡಿಗೆ ಹೇರಿ, ಮುಂಗಾರು ಬೀಳುವ ಮೊದಲೇ ಹೊಲಕ್ಕೆ ಚೆಲ್ಲುತ್ತಿದ್ದರು. ಇದಲ್ಲದೆ ಕುರುಬರ ಹಿಂಡುಗಳನ್ನು ರಾತ್ರಿ ಹೊಲದಲ್ಲಿ ತಂಗಿಸಿಕೊಂಡು, ಪ್ರತಿಯಾಗಿ ಕಾಳು ಕೊಡುವ ಪದ್ಧತಿಯೂ ಇತ್ತು.

ಗೊಬ್ಬರವೆಂದರೆ ಸಾರಜನಕ, ರಂಜಕ, ಪೊಟ್ಯಾಷ್ ಎಂದು ಪಾಠದಲ್ಲಿ ಓದುತ್ತೀರಿ. ತಿಪ್ಪೆಗೊಬ್ಬರದಲ್ಲಿ ಇವು ಅಲ್ಪವೇ. ಸಾರಜನಕ ಸುಮಾರು ಶೇ. 0.5 ಮಾತ್ರ. ಅದರ ದೊಡ್ಡ ಕೊಡುಗೆ ಬೇರೆ. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಅಂಟಾಗುತ್ತದೆ. ಕೊಳೆತ ಜೀವಾಂಶ ಬೆರೆತಾಗ ಅದು ಹುಡಿಯಾಗಿ ನೀರು ಒಳಗಿಳಿಯುತ್ತದೆ. ಈ ಸೀಮೆಯ ಹಿಂಗಾರಿ ಜೋಳ, ಕಡಲೆ, ಕುಸುಬಿ ಬಹುಮಟ್ಟಿಗೆ ಬೆಳೆಯುವುದು ನೆಲ ಹಿಡಿದಿಟ್ಟ ತೇವದಿಂದ. ಹಾಗಾಗಿ ಇಲ್ಲಿ ತಿಪ್ಪೆಯ ಲೆಕ್ಕ ನೀರಿನ ಲೆಕ್ಕವೂ ಹೌದು.

ಈ ಲೆಕ್ಕ ತಪ್ಪಿದ್ದು ಹೇಗೆ? ಒಂದು ಕಾರಣ ಒಲೆ. ಈ ಬಯಲಿನಲ್ಲಿ ಅಡವಿ ಕಡಿಮೆ. ಹತ್ತಿ ಕಟ್ಟಿಗೆಯೂ ಸಗಣಿಯ ಕುಳ್ಳೂ ಉರುವಲಾದವು. ರೈತ ಸಗಣಿ ಸುಡುವುದನ್ನು ಅಜ್ಞಾನವೆಂದು ಬ್ರಿಟಿಷ್ ಅಧಿಕಾರಿಗಳು ಹಳಿಯುತ್ತಿದ್ದ ಕಾಲದಲ್ಲಿ, ಭಾರತದ ಬೇಸಾಯವನ್ನು ಪರಿಶೀಲಿಸಲು ಬಂದ ರಸಾಯನ ವಿಜ್ಞಾನಿ ವೋಲ್ಕರ್ 1893ರ ತಮ್ಮ ವರದಿಯಲ್ಲಿ ಇದು ಅಜ್ಞಾನವಲ್ಲ, ಸೌದೆಯ ಅಭಾವ ಎಂದು ತಿಳಿಸಿ, ಉರುವಲಿಗೆ ಗಿಡ ಬೆಳೆಸಲು ಸಲಹೆ ಮಾಡಿದರು. ಅವರ ಮಾತು ನ್ಯಾಯವಾದದ್ದು. ಒಲೆ, ಹೊಲ ಎರಡಕ್ಕೂ ಸಾಕಾಗುವಷ್ಟು ಸಗಣಿ ಯಾವ ಹಟ್ಟಿಯಲ್ಲಿತ್ತು?

ಕಾಂಪೋಸ್ಟ್ ಶಾಸ್ತ್ರ ಹುಟ್ಟಿದ್ದು ಇಂಥದೇ ನೆಲದಲ್ಲಿ. 1924ರಲ್ಲಿ ಆಲ್ಬರ್ಟ್ ಹೊವಾರ್ಡ್ ಇಂದೂರಿನಲ್ಲಿ ಸಸ್ಯೋದ್ಯಮ ಸಂಸ್ಥೆಯನ್ನು ಆರಂಭಿಸಿದರು. ಅದೂ ಎರೆಭೂಮಿ, ಅದೂ ಹತ್ತಿಯ ಸೀಮೆ. ಸಂಸ್ಥೆಗೆ ಹಣ ಕೊಟ್ಟದ್ದು ಭಾರತೀಯ ಕೇಂದ್ರ ಹತ್ತಿ ಸಮಿತಿ. ಹತ್ತಿ ಕಟ್ಟಿಗೆ ಬೇಗ ಕೊಳೆಯದು. ಅದನ್ನು ಬಂಡಿದಾರಿಯಲ್ಲಿ ಹರಡಿ, ಗಾಲಿಗಳಡಿ ಪುಡಿಯಾದ ಮೇಲೆ ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ಮಣ್ಣು, ಸಗಣಿ, ಬೂದಿಗಳೊಡನೆ ಗುಂಡಿ ತುಂಬುತ್ತಿದ್ದರು. ಮೂರು ಸಲ ತಿರುವಿ ಹಾಕಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಬರೆದ 1931ರ ಪುಸ್ತಕದಿಂದ ಇಂದೂರು ಪದ್ಧತಿ ಜಗತ್ತಿಗೆ ಪರಿಚಯವಾಯಿತು. ರೈತರಿಂದಲೇ ಕಲಿತೆನೆಂದು ಹೊವಾರ್ಡ್ ಮುಚ್ಚಿಡದೆ ಹೇಳಿದರು.

ಪದೇ ಪದೇ ತಿರುವಲು ಆಳು ಬೇಕು, ನೀರು ಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ಇದಕ್ಕೆ ಪರಿಹಾರ ಸೂಚಿಸಿದರು. ಸುಮಾರು ಮೂರಡಿ ಆಳದ ಕಂದಕದಲ್ಲಿ ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿಬಿಟ್ಟರೆ, ತಿರುವದೆಯೇ ಆರೆಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಇದೇ ಬೆಂಗಳೂರು ಪದ್ಧತಿ. ಆದರೆ ಆ ಮಲವನ್ನು ಕಂದಕದವರೆಗೆ ತಂದವರು ಯಾರು? ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ಕಟ್ಟುಬಿದ್ದ ಜನ. ಕೃಷಿಯ ಪುಸ್ತಕಗಳು ಪದರದ ದಪ್ಪವನ್ನು ಹೇಳುತ್ತವೆ, ಹೊತ್ತವರನ್ನು ಹೇಳುವುದು ವಿರಳ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ, ಮತ್ತೆ 2013ರಲ್ಲಿ ಸಂಸತ್ತು ಕಾಯ್ದೆ ಮಾಡಬೇಕಾಯಿತು.

ಅಷ್ಟರಲ್ಲಿ ನರಗುಂದದ ಹೊಲಗಳು ಬದಲಾಗಿದ್ದವು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ ಕಾಲುವೆ ಬಂತು. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಸಂಕರ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ಇಳುವರಿ ಏರಿತು, ಅದು ಸುಳ್ಳಲ್ಲ. ಜೊತೆಗೆ ರಸಗೊಬ್ಬರ, ಕೀಟನಾಶಕಗಳ ಖರ್ಚೂ ಏರಿತು. ಹತ್ತಿಯ ಬೆಲೆ ಕುಸಿದಾಗ, ನೀರಾವರಿಯ ಅಭಿವೃದ್ಧಿ ಕರ ಮೇಲೆ ಬಿದ್ದಾಗ, ಸಾಲಗಾರ ರೈತರು 1980ರ ಜುಲೈ 21ರಂದು ಬೀದಿಗಿಳಿದರು, ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ತಿಪ್ಪೆಯಿದ್ದರೆ ಆ ದಿನ ಬರುತ್ತಿರಲಿಲ್ಲ ಎನ್ನುವುದು ಬಾಲಿಶ. ಕರಕ್ಕೂ ಬೆಲೆಗೂ ತಿಪ್ಪೆ ಮದ್ದಲ್ಲ. ಆದರೆ ಹಿಂದೆ ಹಿತ್ತಲಿನಿಂದ ಬರುತ್ತಿದ್ದ ಫಲವತ್ತತೆಯ ಒಂದು ಪಾಲಿಗೆ ರೈತ ಅಂಗಡಿಯಲ್ಲಿ ಹಣ ತೆರುವಂತಾಗಿತ್ತು. ಮುಂದೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಂತೆ ತಿಪ್ಪೆಯೂ ಸಣ್ಣದಾಯಿತು.

ಇತ್ತ ಊರುಗಳ ಕಸ ಬೆಳೆಯಿತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಯ ಊರುಗಳು. ಸುತ್ತಲೂ ಜೀವಾಂಶಕ್ಕೆ ಹಸಿದ ಎರೆಹೊಲಗಳು. ಸಂತೆಯ ಸೊಪ್ಪು, ಖಾನಾವಳಿಯ ಎಲೆ, ಮನೆಯ ಸಿಪ್ಪೆ ಹೊಲಕ್ಕೆ ಹೋಗಲು ದಾರಿ ದೂರವೇನಲ್ಲ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಬೇರೆ ಮಾಡದೆ ಕೊಟ್ಟಲ್ಲಿ ಆ ಕೆಲಸ ಪೌರಕಾರ್ಮಿಕರ ಕೈಗೆ ಬೀಳುತ್ತದೆ. ಎಷ್ಟು ಆಯ್ದರೂ ಪ್ಲಾಸ್ಟಿಕ್ ಉಳಿಯುತ್ತದೆ, ಗಾಜು ಉಳಿಯುತ್ತದೆ. ಬರಿಗಾಲಲ್ಲಿ ಎಡೆಕುಂಟೆಯ ಹಿಂದೆ ನಡೆಯುವ ರೈತ ಅಂಥ ಗೊಬ್ಬರವನ್ನು ತನ್ನ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ.